ಯಾತ್ರೆಗೆ ಹೊರಡುವ ಮುನ್ನ ಮನೆಯ ಮೂಕಜೀವಿಗಳನ್ನು ಒಪ್ಪಿಸುವ ಬಗೆ

ಯಾತ್ರೆಯೆಂದರೆ ನಮ್ಮ ಮನೆತನಗಳಲ್ಲಿ ಇಂದಿಗೂ ಒಂದು ಸಂಭ್ರಮ. ಯುಗಾದಿಯ ಹೊತ್ತಿಗೆ ಕಾಲ್ನಡಿಗೆಯಲ್ಲಿ ಶ್ರೀಶೈಲದ ಹಾದಿ ಹಿಡಿಯುವವರುಂಟು. ಬೇಸಿಗೆಯ ರಜೆಯಲ್ಲಿ ಕಾಶಿ ಕೇದಾರಗಳಿಗೆ ಹೊರಡುವವರುಂಟು. ಮಗನ ಮನೆಗೆಂದು ಪುಣೆಗೋ ಬೆಂಗಳೂರಿಗೋ ಹೋಗಿ ತಿಂಗಳುಗಟ್ಟಲೆ ನಿಲ್ಲುವ ಹಿರಿಯರುಂಟು. ಹೊರಡುವ ಮುನ್ನ ರೊಟ್ಟಿ ಚಟ್ನಿಪುಡಿಗಳ ಬುತ್ತಿ ಕಟ್ಟುತ್ತೇವೆ, ಒಡವೆಗಳನ್ನು ಬ್ಯಾಂಕಿನಲ್ಲಿಡುತ್ತೇವೆ, ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುತ್ತೇವೆ. ಆದರೆ ಹಿತ್ತಿಲಲ್ಲಿ ಕಟ್ಟಿದ ಆಕಳು, ಬಾಗಿಲಲ್ಲಿ ಮಲಗಿದ ನಾಯಿ, ಅಟ್ಟದ ಮೇಲಿನ ಬೆಕ್ಕು, ಇವುಗಳ ವಿಷಯ ಬಂದಾಗ ಮಾತ್ರ “ಪಕ್ಕದ ಮನೆಯವರಿಗೆ ಹೇಳಿದ್ದೇವೆ, ನೋಡಿಕೊಳ್ಳುತ್ತಾರೆ” ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಒಂದು ಮಾತು ಸಾಲದು ಎಂಬುದನ್ನು ಗೃಹಸ್ಥರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅವಿಭಕ್ತ ಕುಟುಂಬದಲ್ಲಿ ಹತ್ತು ಮಂದಿ ಜಾತ್ರೆಗೆ ಹೋದರೆ ನಾಲ್ವರು ಮನೆಯಲ್ಲಿ ಉಳಿಯುತ್ತಿದ್ದರು. ಅಜ್ಜಿಗೆ ದನಗಳ ಸ್ವಭಾವ ಗೊತ್ತಿತ್ತು; ನಾಯಿಗೆ ಅಜ್ಜಿಯ ದನಿ ಗೊತ್ತಿತ್ತು. ಇಂದು ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರ ಹೊರಟಿತೆಂದರೆ ಮನೆಗೆ ಬೀಗ ಬೀಳುತ್ತದೆ. ನಗರಗಳಲ್ಲಿ ಹಣ ಪಡೆದು ಮನೆಗೆ ಬಂದು ಪ್ರಾಣಿಗಳನ್ನು ನೋಡಿಕೊಳ್ಳುವವರೇ ಇದ್ದಾರೆ. ಅವರನ್ನು ‘ಪೆಟ್ ಸಿಟರ್’ ಎಂದು ಕರೆಯುತ್ತಾರೆ. ಊರುಗಳಲ್ಲಿ ಈ ಕೆಲಸ ನೆರೆಮನೆಯ ಕಾಕಾನಿಗೋ, ಕಾಲೇಜು ಓದುವ ಸೋದರಳಿಯನಿಗೋ, ಮನೆಗೆಲಸಕ್ಕೆ ಬರುವ ಅಕ್ಕನಿಗೋ ಒದಗುತ್ತದೆ. ಹೆಸರು ಯಾವುದಾದರೂ ಇರಲಿ, ಅವರು ಹೊರುವ ಹೊಣೆ ಒಂದೇ.

ಮಠದ ಪ್ರಸಾದನಿಲಯಗಳಲ್ಲಿ ಇದ್ದು ಓದಿದವರಿಗೆ ಕೊಟ್ಟಿಗೆಯ ಪಾಳಿ ನೆನಪಿರಬಹುದು. ನಮ್ಮ ಕಾಲದಲ್ಲಿ ಪಾಳಿ ಮುಗಿಸಿದ ವಿದ್ಯಾರ್ಥಿ ಹಗ್ಗವನ್ನು ಮುಂದಿನವನ ಕೈಗಿತ್ತು ಹೊರಟುಬಿಡುವಂತಿರಲಿಲ್ಲ. ಯಾವ ಆಕಳು ಬೆಳಗಿನಿಂದ ಮೇವು ಮುಟ್ಟಿಲ್ಲ, ಯಾವ ಕರುವಿಗೆ ಭೇದಿಯಾಗುತ್ತಿದೆ, ಯಾವ ಎತ್ತಿನ ಗೊರಸಿನಲ್ಲಿ ಗಾಯವಿದೆ ಎಂಬುದನ್ನು ಒಂದೊಂದರ ಮುಂದೆಯೂ ನಿಂತು ತೋರಿಸಿ ಹೇಳಬೇಕಾಗಿತ್ತು. ಕೇಳಿದವನು ಅದನ್ನು ತಿರುಗಿ ಒಪ್ಪಿಸಬೇಕಾಗಿತ್ತು. ಆಮೇಲೆಯೇ ಪಾಳಿ ಬದಲಾಯಿತೆಂದು ಲೆಕ್ಕ. ಬಿಟ್ಟು ಹೋಗುವುದಕ್ಕೂ ಒಪ್ಪಿಸಿ ಹೋಗುವುದಕ್ಕೂ ಇರುವ ಅಂತರ ಇದು. ಮೂಕಪ್ರಾಣಿ ತನ್ನ ಹಸಿವು ನೋವುಗಳನ್ನು ಹೊಸಬರಿಗೆ ವಿವರಿಸಲಾರದು. ಅದರ ಪರವಾಗಿ ಹೇಳಬೇಕಾದವರು ಅದನ್ನು ಸಾಕಿದ ನಾವು.

ಯಾರಿಗೆ ಒಪ್ಪಿಸಬೇಕು?

ಬೀಗದ ಕೈ ಪಡೆಯುವವರಲ್ಲಿ ನಾವು ವಿಚಾರಿಸಬೇಕಾದುದು ಅವರ ಕುಲವನ್ನಲ್ಲ. ಅವರಿಗೆ ಪ್ರಾಣಿಗಳ ಭಯವಿಲ್ಲವಷ್ಟೆ? ದಿನಕ್ಕೆ ಎರಡು ಮೂರು ಸಲ ಬರುವಷ್ಟು ಬಿಡುವು ಇದೆಯೆ? ಹೇಳಿದ ಹೊತ್ತನ್ನು ತಪ್ಪದೆ ಪಾಲಿಸುವ ಸ್ವಭಾವವಿದೆಯೆ? ಈ ಮೂರು ಗುಣಗಳಿದ್ದರೆ ಸಾಕು. ಚಿಕ್ಕ ಮಕ್ಕಳ ಮೇಲೆ ಮಾತ್ರ ಈ ಭಾರವನ್ನು ಹೊರಿಸಬಾರದು. ಅವರಿಗೆ ಪ್ರೀತಿ ಇದ್ದರೂ ಆಪತ್ತನ್ನು ಗುರುತಿಸುವ ಅನುಭವವಿರುವುದಿಲ್ಲ.

ನೋಡಿಕೊಳ್ಳುವವರು ಪ್ರಯಾಣಕ್ಕೆ ಮೂರು ನಾಲ್ಕು ದಿನ ಮೊದಲೇ ಮನೆಗೆ ಬಂದು ಹೋಗುವುದು ಅವಶ್ಯ. ಮನೆಯ ಯಜಮಾನ ಎದುರಿಗಿರುವಾಗಲೇ ಅವರ ಕೈಯಿಂದ ನಾಯಿಗೆ ಊಟ ಹಾಕಿಸಬೇಕು, ಅವರ ಜೊತೆ ಅದನ್ನು ಒಂದೆರಡು ಸಲ ಹೊರಗೆ ಸುತ್ತಾಡಿಸಬೇಕು. ಮನೆಯವರೆಲ್ಲ ಮಾಯವಾದ ದಿನವೇ ಅಪರಿಚಿತರೊಬ್ಬರು ಬಾಗಿಲು ತೆರೆದು ಒಳಬಂದರೆ ನಾಯಿ ಅಂಜುವುದು, ಕಚ್ಚುವುದು, ತಪ್ಪಿಸಿಕೊಂಡು ಓಡುವುದು ಎಲ್ಲವೂ ಸಹಜ.

ಇನ್ನೊಂದು ಮಾತು. ಆತ್ಮೀಯರೆಂಬ ಕಾರಣಕ್ಕೆ ಹಣದ ಮಾತೆತ್ತಲು ಸಂಕೋಚಪಡುವವರೇ ಹೆಚ್ಚು. ಆಹಾರದ, ಔಷಧದ, ಓಡಾಟದ ಖರ್ಚನ್ನು ಮುಂಗಡವಾಗಿಯೇ ಕೊಟ್ಟು ಹೋಗಬೇಕು. ಕೂಲಿಯಿಂದ ಬದುಕುವವರಾಗಿದ್ದರೆ ಅವರ ದಿನದ ದುಡಿಮೆಗೆ ತಕ್ಕ ಹಣವನ್ನೂ ಗೊತ್ತುಮಾಡಬೇಕು. ಕಾಯಕವನ್ನು ಗೌರವಿಸುವ ಮನೆತನಗಳಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಮನೆಯನ್ನು ಅಣಿಗೊಳಿಸುವುದು

ಹೊರಡುವ ವಾರದಲ್ಲಿ ಒಮ್ಮೆ ಹೊಸಬರ ಕಣ್ಣಿನಿಂದ ಮನೆಯನ್ನು ಸುತ್ತಿ ನೋಡಬೇಕು. ನಾವಿದ್ದಾಗ ತೊಂದರೆ ಕೊಡದ ವಸ್ತು ನಾವಿಲ್ಲದಾಗ ಅಪಾಯ ತರಬಹುದು. ಕಂಪೌಂಡಿನ ಮೂಲೆಯ ಸಂದು, ಸರಿಯಾಗಿ ಕೂಡದ ಗೇಟಿನ ಚಿಲಕ, ಮುಚ್ಚಳವಿಲ್ಲದ ನೀರಿನ ತೊಟ್ಟಿ, ಇವುಗಳನ್ನು ಮೊದಲು ಸರಿಪಡಿಸಬೇಕು. ಯಜಮಾನನನ್ನು ಹುಡುಕಿಕೊಂಡು ಹೊರಟ ನಾಯಿಗೆ ಒಂದು ಗೇಣು ಸಂದು ಸಾಕು. ಕೊರಳಪಟ್ಟಿಯ ಮೇಲೆ ನಮ್ಮ ಮೊಬೈಲ್ ಸಂಖ್ಯೆಯನ್ನೂ ನೋಡಿಕೊಳ್ಳುವವರ ಸಂಖ್ಯೆಯನ್ನೂ ಬರೆಸಿದರೆ ತಪ್ಪಿಸಿಕೊಂಡ ಪ್ರಾಣಿ ಮರಳಿ ಸಿಗುವ ಭರವಸೆ ಹೆಚ್ಚು.

ಇಲಿ ಪಾಷಾಣ, ಫಿನಾಯಿಲ್, ಹೊಲಕ್ಕೆ ಸಿಂಪಡಿಸುವ ಕೀಟನಾಶಕ, ಮಾತ್ರೆಗಳ ಡಬ್ಬಿ, ಇವೆಲ್ಲ ಬೀಗ ಹಾಕುವ ಕಪಾಟಿನೊಳಗೆ ಹೋಗಬೇಕು. ಊರಿಗೆ ಹೋಗುವಾಗ ಇಲಿಗಳ ಕಾಟ ತಪ್ಪಲೆಂದು ಮೂಲೆಗಳಲ್ಲಿ ವಿಷವಿಟ್ಟು ಹೋಗುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಪ್ರಾಣಿಯಿರುವ ಮನೆಯಲ್ಲಿ ಇದನ್ನು ಮಾಡಲೇಬಾರದು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಆ ವಿಷ ಏರಬಲ್ಲದು.

ನಮ್ಮ ಅನೇಕ ಊರುಗಳಲ್ಲಿ ನಲ್ಲಿಯ ನೀರು ನಿತ್ಯವೂ ಬರುವುದಿಲ್ಲ. ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ, ಯಾವ ತೊಟ್ಟಿಯನ್ನು ತುಂಬಿಸಬೇಕು, ಕರೆಂಟು ಇಲ್ಲದಿದ್ದರೆ ನೀರಿಗೆ ಏನು ದಾರಿ ಎಂಬುದನ್ನು ತೋರಿಸಬೇಕು. ಕಲಬುರಗಿ, ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗಲಾರದು. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಕಳೆದುಕೊಳ್ಳಬೇಕು. ತಗಡಿನ ಮಾಡಿನ ಕೋಣೆಯಲ್ಲಿ ಮುಚ್ಚಿಟ್ಟರೆ ಒಂದು ಮಧ್ಯಾಹ್ನದಲ್ಲಿಯೇ ಪ್ರಾಣಕ್ಕೆ ಎರವಾಗಬಹುದು. ಗಾಳಿಯಾಡುವ ನೆರಳು, ಉರುಳದಂಥ ಎರಡು ಪಾತ್ರೆಗಳ ತುಂಬ ನೀರು ಇರಲೇಬೇಕು.

ಮನೆಯಲ್ಲಿ ರಾತ್ರಿ ಉಳಿಯುವವರಾಗಿದ್ದರೆ ಅವರಿಗೂ ಒಗೆದ ಹಾಸಿಗೆ, ಅಡುಗೆಯ ಸಾಮಾನು, ಸ್ನಾನದ ಅನುಕೂಲ ಸಿದ್ಧವಿರಲಿ. ಪೂಜೆಯ ಕೋಣೆ, ಅಡುಗೆಮನೆಗಳ ವಿಷಯದಲ್ಲಿ ನಮ್ಮ ಮನೆಯ ನಡೆ ಏನೆಂಬುದನ್ನು ಮೊದಲೇ ವಿನಯದಿಂದ ತಿಳಿಸಿದರೆ ಆಮೇಲೆ ಯಾರ ಮನಸ್ಸೂ ನೋಯುವುದಿಲ್ಲ.

ಬಾಯಿಮಾತಿಗಿಂತ ಬರಹ ಮೇಲು

ಹೊರಡುವ ಗಡಿಬಿಡಿಯಲ್ಲಿ ಹೇಳಿದ ಹತ್ತು ಮಾತುಗಳಲ್ಲಿ ಎಂಟು ಮರೆತುಹೋಗುತ್ತವೆ. ಆದುದರಿಂದ ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಯನ್ನು ಬರೆದು ಗೋಡೆಗೆ ಅಂಟಿಸಬೇಕು. ಪ್ರಾಣಿಯ ಹೆಸರು, ಊಟದ ಹೊತ್ತು, ಊಟದ ಅಳತೆ, ಕೊಡುತ್ತಿರುವ ಔಷಧ, ಕಳೆದ ಸಲ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ದಿನಾಂಕ, ಪಶುವೈದ್ಯರ ಫೋನ್ ಸಂಖ್ಯೆ, ನಾವು ಯಾವ ದಿನ ಎಲ್ಲಿರುತ್ತೇವೆ ಎಂಬ ವಿವರ ಅದರಲ್ಲಿರಲಿ. “ಸ್ವಲ್ಪ ಹಾಕಿ” ಎಂದು ಬರೆಯದೆ ಮನೆಯ ಒಂದು ಬಟ್ಟಲನ್ನೇ ತೋರಿಸಿ ಅದರ ಲೆಕ್ಕದಲ್ಲಿ ಬರೆಯುವುದು ಒಳ್ಳೆಯದು.

ಇವುಗಳಿಗಿಂತ ಮುಖ್ಯವಾದುದು ಆ ಪ್ರಾಣಿಯ ಸ್ವಭಾವ. ಊಟ ಮಾಡುವಾಗ ಮುಟ್ಟಿದರೆ ಗುರ್ರೆನ್ನುವುದೆ? ಗುಡುಗು, ಪಟಾಕಿಗಳಿಗೆ ಅಂಜಿ ಎಲ್ಲಿ ಅಡಗಿಕೊಳ್ಳುತ್ತದೆ? ಮೈಯ ಯಾವ ಭಾಗವನ್ನು ಮುಟ್ಟಿದರೆ ನೋವಾಗುತ್ತದೆ? ಮನೆಯವರು ಯಾವ ಮಾತಿನಿಂದ ಅದನ್ನು ಕರೆಯುತ್ತಾರೆ? ಬರೆಯಲು ಕುಳಿತರೆ ನಮಗೆ ಎಷ್ಟು ಗೊತ್ತಿದೆ ಎಂಬುದೂ ಆಗಲೇ ತಿಳಿಯುತ್ತದೆ. ಓದಲು ಬಾರದವರಿಗೆ ಒಪ್ಪಿಸುವುದಾದರೆ ಒಂದೊಂದನ್ನೂ ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಬೇಕು.

ಪ್ರೀತಿಯಿಂದಲೂ ಆಗುವ ಅಪಾಯ

ಹೊಸಬರು ಪ್ರಾಣಿಯ ಮನಸ್ಸನ್ನು ಗೆಲ್ಲಲು ಮೊದಲು ಮಾಡುವ ಕೆಲಸ ತಿನ್ನಲು ಕೊಡುವುದು. ಅದರಲ್ಲಿ ಕೇಡಿನ ಉದ್ದೇಶ ಇರುವುದಿಲ್ಲ. ತಿಳಿವಳಿಕೆಯ ಕೊರತೆ ಇರಬಹುದು. ವಿಜಯಪುರ ಸೀಮೆಯ ಒಣದ್ರಾಕ್ಷಿ ನಮ್ಮ ಮನೆಗಳಲ್ಲಿ ಯಾವಾಗಲೂ ಇರುವ ಪದಾರ್ಥ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ನಾಶಮಾಡುತ್ತವೆ. ಒಗ್ಗರಣೆಯ ಪಲ್ಯ ಬೆರೆಸಿದ ರೊಟ್ಟಿ ಅವುಗಳಿಗೆ ಸಲ್ಲದು. ಚಾಕೊಲೇಟು ಕೂಡ ವಿಷವೇ.

ಬೆಕ್ಕಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಜ್ವರ ಬಂದಂತಿದೆಯೆಂದು ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆಯನ್ನು ಕೊಟ್ಟರೆ ಒಂದೇ ಮಾತ್ರೆಯಿಂದ ಬೆಕ್ಕು ಸಾಯಬಹುದು. ಬೆಕ್ಕಿಗೆ ಹಾಲೇ ಆಹಾರವೆಂಬ ನಂಬಿಕೆಯೂ ಸರಿಯಲ್ಲ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಬೆಕ್ಕಿನ ಕಣ್ಣು, ಹೃದಯಗಳ ಆರೋಗ್ಯಕ್ಕೆ ಬೇಕಾದ ಟೌರಿನ್ ಎಂಬ ಸತ್ವ ಸಸ್ಯಾಹಾರದಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿ ಮನೆತನದಲ್ಲಿ ಬೆಕ್ಕು ಇಲಿ ಹಿಡಿದೋ, ಅಂಗಡಿಯ ಸಿದ್ಧ ಆಹಾರದಿಂದಲೋ ಅದನ್ನು ಪಡೆಯುತ್ತದೆ. ಆ ಆಹಾರದ ಡಬ್ಬಿ ಎಲ್ಲಿದೆ, ಅಡುಗೆಮನೆಯ ಹೊರಗೆ ಯಾವ ಜಾಗದಲ್ಲಿ ಅದನ್ನು ಹಾಕಬೇಕು ಎಂಬುದನ್ನು ತೋರಿಸಿ ಹೋಗಬೇಕು. ಬೆಕ್ಕು ಜಾಗವನ್ನು ನೆಚ್ಚಿಕೊಳ್ಳುವ ಪ್ರಾಣಿ. ಅದನ್ನು ಬುಟ್ಟಿಯಲ್ಲಿ ಹಾಕಿ ಬೇರೆ ಮನೆಗೆ ಒಯ್ಯುವುದಕ್ಕಿಂತ ಅದಿರುವಲ್ಲಿಗೇ ಒಬ್ಬರು ಬಂದು ಹೋಗುವುದು ಲೇಸು. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕಿನ ಯಕೃತ್ತು ಕೆಡುವ ಸಂಭವವಿರುವುದರಿಂದ, ಒಂದು ದಿನ ಪೂರ್ತಿ ಊಟ ಬಿಟ್ಟರೂ ವೈದ್ಯರಿಗೆ ತಿಳಿಸುವಂತೆ ಹೇಳಬೇಕು.

ಕರೆಯುವ ಆಕಳಿದ್ದರೆ

ನಾನು ಬಲ್ಲ ಒಂದು ಮನೆಯವರು ಕರೆಯುವ ಆಕಳನ್ನು ನೆರೆಯವರಿಗೆ ವಹಿಸಿ ಹತ್ತು ದಿನ ಯಾತ್ರೆಗೆ ಹೋದರು. ಮೇವಿಗೆ ಕೊರತೆ ಇರಲಿಲ್ಲ, ನೆರೆಯವರ ಶ್ರದ್ಧೆಗೂ ಕೊರತೆ ಇರಲಿಲ್ಲ. ಆದರೆ ಆ ಮನೆಯ ಅವ್ವ ದಿನವೂ ಕರುವನ್ನು ಮೊದಲು ಬಿಟ್ಟು, ಆಕಳ ಮೈದಡವಿ ಮಾತಾಡಿಸಿದ ಮೇಲೆಯೇ ಅದು ಸೊರೆ ಬಿಡುತ್ತಿತ್ತು. ಇದನ್ನು ಯಾರೂ ನೆರೆಯವರಿಗೆ ಹೇಳಿರಲಿಲ್ಲ. ಅವರು ಬಂದಷ್ಟು ಹಾಲು ಕರೆದುಕೊಂಡರು. ಮಿಕ್ಕದ್ದು ಕೆಚ್ಚಲಿನಲ್ಲಿಯೇ ಉಳಿಯಿತು. ನಾಲ್ಕನೆಯ ದಿನಕ್ಕೆ ಕೆಚ್ಚಲು ಬಾತು ಬಿಸಿಯಾಯಿತು. ಮನೆಯವರು ಮರಳಿ ಬರುವ ಹೊತ್ತಿಗೆ ಒಂದು ಮೊಲೆ ಬತ್ತಿಹೋಗಿತ್ತು. ಹತ್ತು ವರ್ಷ ಆ ಆಕಳ ಹಾಲು ಉಂಡ ಮನೆ ಅದು. ಒಂದು ಮಾತು ಹೇಳದೆ ಹೋದದ್ದಕ್ಕೆ ಆದ ನಷ್ಟ ಇಷ್ಟು.

ಕರೆಯುವ ಆಕಳು ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಕುಡಿಯಬಹುದು. ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ಮೇವನ್ನು ಒಮ್ಮೆಲೇ ಬದಲಿಸಬಾರದು. ಹಿಂಡಿ ಹೊಟ್ಟುಗಳನ್ನು ಹೋಗಿ ಬರುವವರೆಗೆ ಸಾಲುವಷ್ಟು ಕೂಡಿಹಾಕಿ ಹೋಗಬೇಕು. ಹಬ್ಬದಲ್ಲಿ ಮಿಕ್ಕ ಅನ್ನ, ಹೋಳಿಗೆಗಳನ್ನು ಪುಣ್ಯವೆಂದು ಬುಟ್ಟಿಗಟ್ಟಲೆ ಹಾಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ದನ ಸಾಯುವುದುಂಟು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಬೆಳೆಯಲ್ಲಿ ಸಯನೈಡ್ ವಿಷ ಕೂಡಿಕೊಂಡಿರುತ್ತದೆ. ಅಂಥ ಹೊಲದ ಬದಿಯಲ್ಲಿ ಬಿಡಬಾರದೆಂದು ಹೊಸಬರಿಗೆ ಎಚ್ಚರಿಸಲೇಬೇಕು.

ಆಪತ್ತು ಒದಗಿದಾಗ

ದನಕರುಗಳಿಗೆ ತುರ್ತು ಚಿಕಿತ್ಸೆ ಬೇಕಾದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನವನ್ನು 1962 ಸಂಖ್ಯೆಗೆ ಫೋನ್ ಮಾಡಿ ಕರೆಯಬಹುದು. ನಾಯಿ ಬೆಕ್ಕುಗಳಿಗಾಗಿ ಸಮೀಪದ ಪಶು ಆಸ್ಪತ್ರೆಯ ದಾರಿಯನ್ನು ತೋರಿಸಿಡಬೇಕು. ನಮ್ಮ ಫೋನ್ ಸಿಗದಿದ್ದರೆ ಕಾಯದೆ ಚಿಕಿತ್ಸೆ ಕೊಡಿಸುವ ಅಧಿಕಾರ ಅವರಿಗಿದೆಯೆಂಬುದನ್ನು ಆ ಹಾಳೆಯಲ್ಲಿಯೇ ಬರೆದು ಸಹಿ ಮಾಡಿರಬೇಕು. “ಯಜಮಾನರನ್ನು ಕೇಳದೆ ಹೇಗೆ ಖರ್ಚು ಮಾಡುವುದು?” ಎಂಬ ಹಿಂಜರಿಕೆಯಲ್ಲಿ ಜೀವಗಳು ಹೋಗಿವೆ.

ನೋಡಿಕೊಳ್ಳುವವರನ್ನು ನಾಯಿ ಕಚ್ಚಿದರೆ, ಪರಚಿದರೆ, ಅದು ಲಸಿಕೆ ಹಾಕಿಸಿದ ನಾಯಿಯೇ ಆಗಿದ್ದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಷಿಣ, ಖಾರದ ಪುಡಿಗಳನ್ನು ಹಚ್ಚಬಾರದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದುದರಿಂದ ನಮ್ಮ ನಾಯಿಗೆ ಸಕಾಲದಲ್ಲಿ ಲಸಿಕೆ ಹಾಕಿಸಿ ಹೋಗುವುದು ನಾಯಿಯನ್ನು ಕಾಯುವಷ್ಟೇ ಮಟ್ಟಿಗೆ, ಅದನ್ನು ನೋಡಿಕೊಳ್ಳಲು ಬಂದವರ ಪ್ರಾಣವನ್ನು ಕಾಯುವ ಕೆಲಸವೂ ಹೌದು.

ಹೊರಡುವ ದಿನ, ಮರಳುವ ದಿನ

ಹೊರಡುವಾಗ ನಾಯಿಯ ಮುಂದೆ ಅತಿಯಾದ ಗದ್ದಲ ಬೇಡ. ನಿತ್ಯದಂತೆ ಊಟ ಹಾಕಿ, ಸುತ್ತಾಡಿಸಿ, ಮನೆಯವರು ಉಟ್ಟು ಬಿಟ್ಟ ಒಂದು ಹಳೆಯ ಬಟ್ಟೆಯನ್ನು ಅದರ ಹಾಸಿಗೆಯಲ್ಲಿಟ್ಟು ಹೊರಡಬೇಕು. ಆ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ದಾರಿಯಲ್ಲಿ ದಿನಕ್ಕೊಮ್ಮೆ ಫೋನ್ ಮಾಡಿ “ಉಂಡಿತೆ? ನೀರು ಕುಡಿಯಿತೆ? ಮಲಮೂತ್ರ ಸರಿಯಾಗಿದೆಯೆ?” ಎಂದು ಕೇಳಿದರೆ ಸಾಕು, ಗಳಿಗೆಗೊಮ್ಮೆ ಕೇಳಿ ನೋಡಿಕೊಳ್ಳುವವರನ್ನು ಬೇಸರಪಡಿಸಬಾರದು.

ಪ್ರಾಣಿಯನ್ನು ಅನ್ನ ನೀರಿಲ್ಲದೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಹೇಳುವ ದಂಡ 10ರಿಂದ 50 ರೂಪಾಯಿ ಮಾತ್ರ. ಅಷ್ಟು ಅಲ್ಪ ದಂಡಕ್ಕೆ ಅಂಜಿ ಯಾರೂ ಪ್ರಾಣಿಯನ್ನು ಸಾಕುವುದಿಲ್ಲ. ಮನೆಗೆ ತಂದ ದಿನವೇ ಅದರ ಅನ್ನದ ಹೊಣೆಯನ್ನು ನಾವು ಹೊತ್ತಿದ್ದೇವೆ. ನಾವು ಊರಲ್ಲಿಲ್ಲದ ದಿನಗಳಿಗೂ ಆ ಹೊಣೆ ಸಲ್ಲುತ್ತದೆ.

ಮರಳಿ ಬಂದೊಡನೆ ದಣಿವಿನ ನೆಪದಲ್ಲಿ ಬೀಗದ ಕೈ ಇಸಿದುಕೊಂಡು ಕಳಿಸಿಬಿಡಬಾರದು. ನೋಡಿಕೊಂಡವರನ್ನು ಕೂರಿಸಿ, ಪ್ರಸಾದ ಕೊಟ್ಟು, ಆ ದಿನಗಳಲ್ಲಿ ಅವರು ಕಂಡದ್ದನ್ನು ಪೂರ್ತಿಯಾಗಿ ಕೇಳಬೇಕು. ಎಡಗಾಲನ್ನು ಎಳೆದು ನಡೆಯಿತು, ಎರಡು ರಾತ್ರಿ ಬಾಗಿಲು ಬಿಟ್ಟು ಏಳಲಿಲ್ಲ, ಮೂರನೆಯ ದಿನ ಕೈಯಿಂದ ರೊಟ್ಟಿ ತಿಂದಿತು ಎಂದು ಅವರು ಹೇಳುವ ಸಣ್ಣ ಸಂಗತಿಗಳಲ್ಲಿ, ನಿತ್ಯ ನೋಡುವ ನಮ್ಮ ಕಣ್ಣಿಗೆ ಬೀಳದೆ ಹೋದದ್ದೂ ಇರಬಹುದು. ಅದನ್ನು ಕೇಳಿಕೊಂಡು, ಮುಂದಿನ ಪ್ರಯಾಣಕ್ಕೆಂದು ಆ ಗೋಡೆಯ ಹಾಳೆಯಲ್ಲಿ ಸೇರಿಸಿಟ್ಟುಕೊಳ್ಳುವುದು ಗೃಹಸ್ಥರಿಗೆ ಹಿತಕರ.