ಕಾಲೇಜಿನ ಪ್ರಾಜೆಕ್ಟ್ ಮಾರ್ಕ್ಸ್‌ಗಷ್ಟೇ ಅಲ್ಲ, ವ್ಯಾಪಾರಕ್ಕೂ ಆಗಬಹುದು

ಆಂಧ್ರದ ಹಿಂದೂಪುರದ ಆಚೆ ರೊದ್ದಂ ಅಂತ ಒಂದು ಊರಿದೆ. ನಮ್ಮ ಪಾವಗಡದ ಗಡಿಗೆ ಹತ್ತಿರ. ಬಿ.ಕಾಂ. ಮುಗಿಸಿ ಮಂಗಳೂರು ಬಿಟ್ಟ ನಾನು ಇಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಮುತ್ತ ಕಡಲೆಕಾಯಿ ಬೆಳೆ, ರೇಷ್ಮೆ. ಇಷ್ಟೊಂದು ಕಡಲೆಕಾಯಿ ಇರುವಾಗ ಮಸಾಲೆ ಹಾಕಿ ಪ್ಯಾಕೆಟ್ ಮಾಡಿ ಮಾರೋಣ ಅಂತ ಒಮ್ಮೆ ಹೊರಟೆ. ರುಚಿ ಚೆನ್ನಾಗಿತ್ತು, ಆರ್ಡರೂ ಬಂತು. ಆದರೆ ಒಂದೂವರೆ ತಿಂಗಳಲ್ಲಿ ಅಂಗಡಿಯವರು ಬಾಕ್ಸ್‌ಗಟ್ಟಲೆ ವಾಪಸ್ ಕಳಿಸಿದರು. ತೆರೆದರೆ ಕಮಟು ವಾಸನೆ. ಹಾಕಿದ ಬಂಡವಾಳ ಹೋಯಿತು.

ಆಮೇಲೆ ಫುಡ್ ಟೆಕ್ನಾಲಜಿ ಓದುವ ಹುಡುಗನೊಬ್ಬ ಕಾರಣ ಹೇಳಿದ. ಕಡಲೆಕಾಯಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ಗಾಳಿ, ಬೆಳಕು, ಬಿಸಿ ತಾಗಿದರೆ ಎಣ್ಣೆ ಕೆಡುತ್ತದೆ. ತೆಳು ಪ್ಲಾಸ್ಟಿಕ್ ಗಾಳಿಯನ್ನು ತಡೆಯುವುದಿಲ್ಲ. ಚಿಪ್ಸ್ ಪ್ಯಾಕೆಟ್ ಉಬ್ಬಿಕೊಂಡಿರುವುದು ಅದರಲ್ಲಿ ನೈಟ್ರೋಜನ್ ತುಂಬಿರುವುದರಿಂದ. ನನಗೆ ಅಷ್ಟು ನಷ್ಟ ಮಾಡಿದ ವಿಷಯ ಅವನಿಗೆ ಹತ್ತು ನಿಮಿಷದ ಪಾಠ! ಹೋಗಿ ಕೇಳಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾಲೇಜು ಅಂದರೆ ಓದುವವರ ಜಾಗ, ನಮಗಲ್ಲ ಅಂತ ನಾನೇ ಅಂದುಕೊಂಡಿದ್ದೆ.

ಇದಕ್ಕೆ ತದ್ವಿರುದ್ಧ ಕಥೆ ನನ್ನ ಅಕ್ಕನ ಮಗನದು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಒಳ್ಳೆಯ ಪ್ರಾಜೆಕ್ಟ್ ಮಾಡಿದ್ದ. ಈಗ ಅದೆಲ್ಲಿ ಅಂತ ಕೇಳಿದರೆ, "ಮಾಮ, ಮಾರ್ಕ್ಸ್ ಬಂತಲ್ಲ, ಇನ್ನೇನು?" ಅಂದ. ನನ್ನ ಹತ್ತಿರ ಸಮಸ್ಯೆ ಇತ್ತು, ಉತ್ತರ ಇರಲಿಲ್ಲ. ಅವನ ಹತ್ತಿರ ಉತ್ತರ ಇತ್ತು, ಗಿರಾಕಿ ಇರಲಿಲ್ಲ. ಈ ಎರಡನ್ನೂ ಸೇರಿಸುವುದಕ್ಕೆ ವಿಶ್ವವಿದ್ಯಾಲಯಗಳಲ್ಲಿ ಒಂದು ವ್ಯವಸ್ಥೆ ಇದೆ.

ಇನ್‌ಕ್ಯುಬೇಷನ್ ಸೆಂಟರ್ ಅಂದರೇನು?

ಕೋಳಿಮರಿ ಬಲಿಯುವ ತನಕ ಬೆಚ್ಚಗೆ ಇಡುವ ಹಾಗೆ, ಹೊಸ ಉದ್ಯಮವನ್ನು ಮೊದಲ ಒಂದೆರಡು ವರ್ಷ ಕಾಪಾಡುವ ಜಾಗ ಇದು. ಕಡಿಮೆ ಬಾಡಿಗೆಗೆ ಕೂರಲು ಜಾಗ, ಲ್ಯಾಬ್ ಮತ್ತು ಯಂತ್ರಗಳ ಬಳಕೆ, ಅನುಭವಿಗಳ ಸಲಹೆ, ಪೇಟೆಂಟ್ ಮತ್ತು ಕಂಪನಿ ನೋಂದಣಿಗೆ ಸಹಾಯ, ಆಯ್ಕೆಯಾದರೆ ಆರಂಭದ ದುಡ್ಡು ಸಿಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಳ್ಳದೆಯೇ ಪರೀಕ್ಷೆ ಮಾಡಿ ನೋಡಬಹುದು ಅನ್ನುವುದೇ ಸಣ್ಣ ಬಂಡವಾಳದವರಿಗೆ ದೊಡ್ಡ ಲಾಭ.

ನಮ್ಮ ಕರಾವಳಿಗೆ ಇದು ಹೊಸತಲ್ಲ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇನ್ನೂ ಕೆಆರ್‌ಇಸಿ ಆಗಿದ್ದ 1990ರ ದಶಕದಲ್ಲೇ ಅಲ್ಲಿ 'ಸ್ಟೆಪ್' ಅನ್ನುವ ಉದ್ಯಮಶೀಲತಾ ಪಾರ್ಕ್ ಶುರುವಾಗಿತ್ತು. ಮಣಿಪಾಲದಲ್ಲಿ 2010ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಇಂಥದೇ ಕೇಂದ್ರ ಬಂತು. ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಷನ್ ಸೆಂಟರ್ ಇದೆ. 2018ರಿಂದ ಕೇಂದ್ರ ಶಿಕ್ಷಣ ಇಲಾಖೆ ಕಾಲೇಜುಗಳಲ್ಲಿ 'ಇನ್‌ಸ್ಟಿಟ್ಯೂಷನ್ಸ್ ಇನ್ನೋವೇಷನ್ ಕೌನ್ಸಿಲ್' ಮಾಡಿಸುತ್ತಿದೆ. ನಿಮ್ಮ ಕಾಲೇಜಿನಲ್ಲೂ ಇರಬಹುದು, ಕೇಳಿ ನೋಡಿ.

ಲ್ಯಾಬ್‌ನಿಂದ ಹೊರಟ ಕಂಪನಿಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು 2000ದಲ್ಲಿ ಸ್ಟ್ರಾಂಡ್ ಎಂಬ ಕಂಪನಿ ಕಟ್ಟಿದರು. ವಂಶವಾಹಿಗಳ ಮಾಹಿತಿಯನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸುವುದು ಅದರ ಕೆಲಸ. ಮೇಷ್ಟ್ರುಗಳು ಕಂಪನಿ ಮಾಡುವುದು ಆಗ ನಮ್ಮ ದೇಶದಲ್ಲಿ ಅಪರೂಪ. ಅದೇ ಸಂಸ್ಥೆಯ ಪ್ರೊ. ನವಕಾಂತ ಭಟ್ ಅವರ ಸಂಶೋಧನೆಯಿಂದ ಪಾತ್‌ಶೋಧ್ ಕಂಪನಿ ಹುಟ್ಟಿತು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಹಲವು ಪರೀಕ್ಷೆಗಳನ್ನು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣದಲ್ಲಿ ಮಾಡುವುದು ಅದರ ಗುರಿ.

ನಮ್ಮ ಹಿಂದೂಪುರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಇಲ್ಲಿ ಗೂಡು ಅಂದರೆ ಸೀರೆಗೆ ನೂಲು, ಅಷ್ಟೇ. ಆದರೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಬೆಳೆದ ಸೆರಿಜೆನ್ ಎಂಬ ಕಂಪನಿ ರೇಷ್ಮೆಯ ಪ್ರೋಟೀನ್‌ನಿಂದ ಮೂಳೆಯ ಖಾಲಿ ಜಾಗ ತುಂಬುವ ವೈದ್ಯಕೀಯ ವಸ್ತು ಮಾಡಿತು. ಗೂಡು ಅದೇ, ಬೆಲೆ ಬೇರೆ. ವ್ಯತ್ಯಾಸ ತಂದದ್ದು ಲ್ಯಾಬ್.

ಪಾಲು, ಪೇಟೆಂಟ್, ದುಡ್ಡು

ವ್ಯಾಪಾರಿಗಳ ಮೊದಲ ಪ್ರಶ್ನೆ: ಅವರಿಗೆ ಎಷ್ಟು ಕೊಡಬೇಕು? 2019ರ ರಾಷ್ಟ್ರೀಯ ಇನ್ನೋವೇಷನ್ ಮತ್ತು ಸ್ಟಾರ್ಟ್‌ಅಪ್ ನೀತಿಯ ಪ್ರಕಾರ, ಜಾಗ, ಲ್ಯಾಬ್, ಸಲಹೆ ಕೊಟ್ಟ ಸಂಸ್ಥೆ ಕಂಪನಿಯಲ್ಲಿ ಶೇ. 2ರಿಂದ 9.5ರ ತನಕ ಪಾಲು ಕೇಳಬಹುದು. ಕಾಲೇಜಿನ ಹಣ, ಸೌಲಭ್ಯ ಹೆಚ್ಚಾಗಿ ಬಳಸಿದ್ದರೆ ಆವಿಷ್ಕಾರ ಇಬ್ಬರಿಗೂ ಸೇರುತ್ತದೆ. ಕಾಲೇಜಿನ ಸಮಯ, ಸಾಮಗ್ರಿ ಬಳಸದೆ ಮಾಡಿದ್ದು ನಿಮ್ಮದೇ. ಇದನ್ನೆಲ್ಲ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. ನಂಬಿಕೆ ಇದ್ದರೂ ಕಾಗದ ಇರಲಿ.

ಪೇಟೆಂಟ್ ವಿಷಯದಲ್ಲಿ ಒಂದು ಎಚ್ಚರ. ಅರ್ಜಿ ಹಾಕುವ ಮೊದಲೇ ಯೂಟ್ಯೂಬ್‌ನಲ್ಲೋ ಪ್ರದರ್ಶನದಲ್ಲೋ ಎಲ್ಲ ಬಿಚ್ಚಿಟ್ಟರೆ "ಇದು ಹೊಸದಲ್ಲ" ಅಂತ ಅರ್ಜಿ ಬಿದ್ದುಹೋಗಬಹುದು. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಪೇಟೆಂಟ್ ಶುಲ್ಕದಲ್ಲಿ ಶೇ. 80 ರಿಯಾಯಿತಿ ಇದೆ.

2021ರಲ್ಲಿ ಬಂದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್, ಮಾದರಿ ತಯಾರಿಸಿ ಪರೀಕ್ಷಿಸಲು 20 ಲಕ್ಷ ರೂ. ತನಕ ಅನುದಾನ ಇಟ್ಟಿತ್ತು. ಇದು ಸಾಲವಲ್ಲ, ಬಡ್ಡಿಯಿಲ್ಲ. ಕಂತು ಕಂತಾಗಿ, ಕೆಲಸ ಮುಂದುವರಿದಂತೆ ಬರುವ ಹಣ. ಬಡ್ಡಿ ಸಾಲ ಬೇಡ ಅಂತ ಹಿಂದೆ ಸರಿಯುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಈಗ ಯಾವ ಯೋಜನೆಗೆ ಅರ್ಜಿ ತೆರೆದಿದೆ ಅಂತ ಇನ್‌ಕ್ಯುಬೇಷನ್ ಸೆಂಟರ್‌ನಲ್ಲೇ ಕೇಳಿ.

ಅವರಿಂದ ಆಗದ್ದು, ನಮ್ಮಿಂದ ಆಗುವುದು

ಎಲ್ಲ ಸೆಂಟರ್‌ಗಳೂ ಒಂದೇ ತರ ಇಲ್ಲ. ಕೆಲವು ಕಡೆ ಬೋರ್ಡ್ ಮಾತ್ರ ಇರುತ್ತದೆ, ಕೆಲವು ಕಡೆ ಆ್ಯಪ್ ಬಿಟ್ಟು ಬೇರೆ ಐಡಿಯಾಗಳಿಗೆ ಬೆಲೆ ಇಲ್ಲ. ಎಷ್ಟೇ ಒಳ್ಳೆಯ ಸೆಂಟರ್ ಆದರೂ ಗಿರಾಕಿಯನ್ನು ಹುಡುಕಿ ಕೊಡುವುದಿಲ್ಲ. ಎಷ್ಟಕ್ಕೆ ಮಾರಿದರೆ ಹೋಗುತ್ತದೆ, ಉದ್ರಿ ಯಾರಿಗೆ ಕೊಡಬಾರದು ಅಂತ ಪ್ರೊಫೆಸರ್‌ಗೆ ಗೊತ್ತಿರಬೇಕಾಗಿಲ್ಲ. ಅದು ಗೊತ್ತಿರುವುದು ಬಂದರ್‌ನಲ್ಲಿ ಮೀನು, ಮಸಾಲೆ, ಅಡಿಕೆ ವ್ಯಾಪಾರ ಮಾಡಿದ ನಮ್ಮ ಹಿರಿಯರಿಗೆ, ಗಲ್ಫ್‌ನಲ್ಲಿ ಅಂಗಡಿ ನಡೆಸಿ ಬಂದ ನಮ್ಮ ಕಾಕಂದಿರಿಗೆ.

ಆದ್ದರಿಂದ ವ್ಯಾಪಾರಿಗಳಲ್ಲಿ ಒಂದು ವಿನಂತಿ: ನಿಮ್ಮನ್ನು ವರ್ಷವಿಡೀ ಕಾಡುವ ಒಂದು ಸಮಸ್ಯೆಯನ್ನು, ಮೀನು ಕೆಡುವುದೋ, ಮಳೆಗಾಲದಲ್ಲಿ ಅಡಿಕೆ ಒಣಗದಿರುವುದೋ, ಹತ್ತಿರದ ಕಾಲೇಜಿಗೆ ತೆಗೆದುಕೊಂಡು ಹೋಗಿ. ವಿದ್ಯಾರ್ಥಿಗಳೇ, ಪ್ರಾಜೆಕ್ಟ್ ವಿಷಯವನ್ನು ಇಂಟರ್ನೆಟ್‌ನಲ್ಲಿ ಹುಡುಕುವ ಮೊದಲು ನಿಮ್ಮ ಮನೆಯ ಅಂಗಡಿಯಲ್ಲಿ ಒಂದು ದಿನ ಕೂತು ನೋಡಿ.

ನಾನು ಮತ್ತೆ ಕಡಲೆಕಾಯಿ ಪ್ಯಾಕ್ ಮಾಡಬೇಕು ಅಂತಿದ್ದೇನೆ. ಈ ಸಲ ಮಿಷನ್ ನೋಡುವ ಮೊದಲು ಕಾಲೇಜಿನ ಗೇಟು ದಾಟುತ್ತೇನೆ. ಅಕ್ಕನ ಮಗನಿಗೂ ಜೊತೆಗೆ ಬಾ ಅಂದಿದ್ದೇನೆ.