ದಂಡನಾಯಕನ ಗುಡಿ, ಜಹಗೀರುದಾರನ ಪೇಟೆ

ಹರಿಹರದ ಹರಿಹರೇಶ್ವರ ಗುಡಿಯ ಮಂಟಪದಲ್ಲಿ ಬೆಳಿಗ್ಗೆ ಕೂತರೆ ನುಣುಪಾಗಿ ಕಡೆದ ಕಂಬಗಳ ಮೇಲೆ ಬಿಸಿಲು ಜಾರುವುದು ಕಾಣುತ್ತದೆ. ಒಳಗೆ ಬಲಭಾಗ ಶಿವ, ಎಡಭಾಗ ವಿಷ್ಣುವಾಗಿ ನಿಂತ ಒಂದೇ ಮೂರ್ತಿ. ಊರಿಗೆ ಹೆಸರು ಬಂದದ್ದು ಈ ದೇವರಿಂದಲೇ. ಗುಹಾಸುರನನ್ನು ಕೊಲ್ಲಲು ಹರಿ, ಹರ ಒಂದಾದರೆಂಬ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ.

ಆದರೆ ಈ ಗುಡಿ ಕಟ್ಟಿಸಿದವನು ದೊರೆಯಲ್ಲ. 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ. ಆಗ ತುಂಗಭದ್ರೆಯ ಈ ದಡಕ್ಕಾಗಿ ಹೊಯ್ಸಳರಿಗೂ ಸೇವುಣರಿಗೂ ಕಾದಾಟ. ಇಂಥ ಗಡಿಯಲ್ಲಿ ದಂಡಾಳು ಕೋಟೆ ಕಟ್ಟಿಸುವುದು ಸಹಜ. ಪೊಲಾಳ್ವ ಎರಡು ದೇವರನ್ನು ಒಂದಾಗಿಸಿದ ಗುಡಿ ಕಟ್ಟಿಸಿದ. ಅವನು ಕವಿಯೂ ಹೌದು, ‘ಹರಿಚಾರಿತ್ರ’ ಬರೆದವನು. 1268ರಲ್ಲಿ ಗೋಪುರ ಸೇರಿಸಿದವನೂ ದಂಡನಾಯಕನೇ: ಸೋಮನಾಥಪುರವನ್ನು ಕಟ್ಟಿದ ಸೋಮ. ಶಾಸನಗಳ ದೆಸೆಯಿಂದ ಇಬ್ಬರ ಹೆಸರೂ ಉಳಿದಿವೆ.

ಪಕ್ಕದ ದಾವಣಗೆರೆಯ ಕಥೆ ಬೇರೆ. ಹಿಂದೆ ಅದು ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ. ಮಕ್ಕಳಿಲ್ಲದೆ ತೀರಿಕೊಂಡರೂ ಪೇಟೆ ನಿಲ್ಲಲಿಲ್ಲ. ಟಿಪ್ಪುವಿನ ಆಸರೆಯಲ್ಲಿ ಬೆಳೆಯುತ್ತಲೇ ಹೋಯಿತು.

ಪೋಲೆಂಡಿನಲ್ಲೂ ಸರದಾರರು ಸ್ವಂತಕ್ಕೆಂದು ಊರು ಕಟ್ಟಿಸುತ್ತಿದ್ದರು. ಯಾನ್ ಜಮೋಯ್ಸ್ಕಿ ಎಂಬ ಪ್ರಭು 1580ರಲ್ಲಿ ಜಮೋಷ್ಚ್ ಪಟ್ಟಣಕ್ಕೆ ಅಡಿಪಾಯ ಹಾಕಿ, ಆರ್ಮೇನಿಯನ್ನರಿಗೂ ಯಹೂದಿಗಳಿಗೂ ನೆಲೆಸಲು ಹಕ್ಕುಪತ್ರ ಕೊಟ್ಟ. ಇಂದು ಅದು ವಿಶ್ವ ಪರಂಪರೆಯ ತಾಣ, ಊರ ಹೆಸರಲ್ಲೇ ಅವನ ಮನೆತನವಿದೆ. ಅಪ್ಪೋಜಿ ರಾಮ ಮಾಡಿದ್ದೂ ಅದೇ ಬಗೆಯ ಕೆಲಸ. ದಾವಣಗೆರೆಯ ಬೆಣ್ಣೆದೋಸೆ ಮೆಲ್ಲುವ ನಮ್ಮಲ್ಲಿ ಎಷ್ಟು ಮಂದಿಗೆ ಅವನ ಹೆಸರು ಗೊತ್ತು? ಇದು ನನಗೆ ನೋವಿನ ಸಂಗತಿ. ಗುಡಿ ಕಟ್ಟಿದವನಿಗೆ ಸಿಕ್ಕ ನೆನಪು ಪೇಟೆ ಕಟ್ಟಿದವನಿಗೂ ಸಿಗಬೇಕು.

ಅವನು ಕೂಡಿಸಿದ ವರ್ತಕರ ಪೇಟೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಗರ, ನಗರದ ಸೀಮೆಯ ಅಡಿಕೆ, ಮೆಣಸನ್ನು ದೂರದ ವಾಲಾಜಾಪೇಟೆಗೆ ಸಾಗಿಸಿ, ಮದರಾಸಿನ ಸರಕನ್ನು ತರುವ ದೊಡ್ಡ ಕಟ್ಟೆಯಾಯಿತು. 1868ರಲ್ಲಿ ಹರಿಹರದ ತುಂಗಭದ್ರೆಗೆ ಕಲ್ಲು, ಇಟ್ಟಿಗೆಯ ಸೇತುವೆ ಬಂತು. ಬೆಂಗಳೂರಿನಿಂದ ಧಾರವಾಡಕ್ಕೆ ಹೊರಟ ಗಾಡಿಗಳು ಅಪ್ಪೋಜಿ ರಾಮನ ಪೇಟೆ ಹಾದು, ಪೊಲಾಳ್ವನ ಊರಿನಲ್ಲಿ ಹೊಳೆ ದಾಟಿದವು.