ಬಣ್ಣದ ಲೋಟದ ಗುಟ್ಟು

ನಮ್ಮ ತಾಯಿಯವರು ತವರಿನಿಂದ ತಂದ ಆರು ಅಲ್ಯೂಮಿನಿಯಂ ಲೋಟಗಳು ನಮ್ಮ ಮನೆಯಲ್ಲಿವೆ. ಕೆಂಪು, ಹಸಿರು, ನೀಲಿ, ಹೊಂಬಣ್ಣ ಎಂದು ಒಂದೊಂದಕ್ಕೂ ಒಂದೊಂದು ವರ್ಣ. ನಾಲ್ವತ್ತು ವರ್ಷ ಬಳಸಿದರೂ ಮಾಸದಿದ್ದ ಕೆಂಪು ಲೋಟವನ್ನು ಕಳೆದ ಯುಗಾದಿಯ ಹಿಂದಿನ ದಿನ ನಾನು ಒಂದೇ ಬೆಳಗಿನಲ್ಲಿ ಕೆಡಿಸಿದೆ. ಜಿಡ್ಡು ಬಿಡಲೆಂದು ಕುದಿನೀರಿಗೆ ವಾಷಿಂಗ್ ಸೋಡ ಬೆರೆಸಿ ಅದನ್ನು ನೆನೆಯಿಟ್ಟಿದ್ದೆ. ತೆಗೆದು ನೋಡಿದರೆ ಬೂದಿ ಬಳಿದಂತೆ ವಿವರ್ಣವಾಗಿತ್ತು. “ಸುಮ್ಮನೆ ಸೋಪಿನ ನೀರು ಸಾಲದಾಗಿತ್ತೇನಪ್ಪ?” ಎಂದಷ್ಟೇ ಹೇಳಿ ತಾಯಿ ಒಳಗೆ ಹೋದರು.

ನಾನು ಕನ್ನಡ ಪಾಠ ಹೇಳುವವನು. ಮರುವಾರ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಿತ್ರರೊಬ್ಬರ ಮುಂದೆ ಅಪರಾಧವನ್ನು ಒಪ್ಪಿಕೊಂಡೆ. ಅವರು ನಕ್ಕು, “ನೀವು ಬಣ್ಣವನ್ನು ತೊಳೆಯಲಿಲ್ಲ, ಬಣ್ಣ ವಾಸವಾಗಿದ್ದ ಮನೆಯನ್ನೇ ಕರಗಿಸಿದಿರಿ” ಎಂದರು. ಆ ಮಾತಿನ ಅರ್ಥವನ್ನು ತಿಳಿಯಹೊರಟಾಗ ಸೊಗಸಾದ ಸಂಗತಿಗಳು ಗೋಚರಿಸಿದುವು.

ಬರಿಯ ಲೋಹಕ್ಕೆ ಇಂಥ ಬಣ್ಣ ಹತ್ತುವುದಿಲ್ಲ. ಹತ್ತುವುದು ಲೋಹದ ಮೇಲಣ ಪೊರೆಗೆ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಇರುವಂತೆ ಅಲ್ಯೂಮಿನಿಯಮ್ಮಿಗೂ ಒಂದು ಹೊದಿಕೆಯುಂಟು. ಗಾಳಿ ಸೋಕಿದೊಡನೆಯೇ ಅದು ಆಮ್ಲಜನಕದೊಡನೆ ಕೂಡಿ ಆಕ್ಸೈಡಿನ ಪಾರದರ್ಶಕ ಪೊರೆಯನ್ನು ಹೊದೆಯುತ್ತದೆ. ಆದರೆ ಈ ಸಹಜ ಪೊರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳು. ಬಣ್ಣಕ್ಕೆ ಅಲ್ಲಿ ಎಡೆಯಿಲ್ಲ.

ಪೊರೆಯನ್ನು ದಪ್ಪಗೊಳಿಸುವ ಉಪಾಯವನ್ನು 1923ರಲ್ಲಿ ಬ್ರಿಟನ್ನಿನ ಬೆಂಗೊ ಮತ್ತು ಸ್ಟೂಅರ್ಟ್ ಎಂಬುವರು ಬಳಕೆಗೆ ತಂದರು. ಕಡಲ ವಿಮಾನಗಳ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡುವುದು ಅವರ ಉದ್ದೇಶವಾಗಿತ್ತು. ಲೋಹವನ್ನು ಆಮ್ಲದಲ್ಲಿ ಮುಳುಗಿಸಿ, ಅದನ್ನೇ ಧನಧ್ರುವವನ್ನಾಗಿ ಮಾಡಿ ವಿದ್ಯುತ್ತನ್ನು ಹರಿಸುವುದೇ ಈ ಕ್ರಮ. ಅವರು ಬಳಸಿದ್ದು ಕ್ರೋಮಿಕ್ ಆಮ್ಲ; ಬಣ್ಣದ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಸಾರಗುಂದಿಸಿದ ಗಂಧಕಾಮ್ಲ. ಆಗ ಪೊರೆ ಸಾವಿರಪಟ್ಟು ದಪ್ಪವಾಗಿ, ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟಾಗುತ್ತದೆ. 1953ರಲ್ಲಿ ಕೆಲ್ಲರ್, ಹಂಟರ್, ರಾಬಿನ್ಸನ್ ಎಂಬ ಅಮೆರಿಕದ ಸಂಶೋಧಕರು ಇಂಥ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅದರ ರಚನೆಯನ್ನು ವಿವರಿಸಿದರು. ಅದು ಜೇನುಹುಟ್ಟಿನಂತೆ ಷಟ್ಕೋನ ಕೋಶಗಳ ಸಾಲು. ಪ್ರತಿ ಕೋಶದ ನಡುವೆ ಒಂದು ರಂಧ್ರ.

ಲೋಟವನ್ನು ಬಿಸಿಯಾದ ಬಣ್ಣದ ನೀರಿನಲ್ಲಿ ಅದ್ದಿದರೆ ವರ್ಣಾಣುಗಳು ಈ ರಂಧ್ರಗಳನ್ನು ಹೊಗುತ್ತವೆ. ರಂಧ್ರವು ಅಣುವಿಗಿಂತ ಹಲವು ಪಟ್ಟು ಅಗಲ. ಹೊಕ್ಕ ಅಣು ಹೊರಗೆ ಬಾರದಿರುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು ವಿದ್ಯುತ್ತಿನ ಆಕರ್ಷಣೆ: ತುಸು ಹುಳಿಯಾದ ನೀರಿನಲ್ಲಿ ರಂಧ್ರದ ಗೋಡೆಗೆ ಧನಾವೇಶ, ಇಂಥ ಅನೇಕ ವರ್ಣಾಣುಗಳಿಗೆ ಋಣಾವೇಶ. ಎರಡನೆಯದು ಇನ್ನೂ ಬಲವಾದ ಹಿಡಿತ. ಕೆಲವು ಅಣುಗಳು ತಮ್ಮ ನೆರೆಹೊರೆಯ ಎರಡು ಆಮ್ಲಜನಕ ಪರಮಾಣುಗಳಿಂದ ಗೋಡೆಯ ಅಲ್ಯೂಮಿನಿಯಮ್ಮನ್ನು, ಇಕ್ಕಳದಿಂದ ಪಾತ್ರೆ ಹಿಡಿದಂತೆ, ಕಚ್ಚಿ ಹಿಡಿಯುತ್ತವೆ.

ಈ ನಂಟು ಹೊಸದಲ್ಲ. ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ಅದ್ದಿ ಬಳಿಕ ಮಂಜಿಷ್ಠದ ಬಣ್ಣಕ್ಕೆ ಹಾಕುವುದು ನಮ್ಮ ಬಣ್ಣಗಾರರ ಪ್ರಾಚೀನ ಪದ್ಧತಿ. ಪಟಿಕದಲ್ಲಿರುವುದೂ ಅಲ್ಯೂಮಿನಿಯಮ್ಮೇ! ನೂಲಿಗೂ ಬಣ್ಣಕ್ಕೂ ನಡುವೆ ಅದೇ ಕೊಂಡಿ. ಮಂಜಿಷ್ಠದ ಬಳಗದ ಮ್ಯಾಡರ್ ಗಿಡದ ಬೇರಿನಲ್ಲಿರುವ ಅಲಿಝರಿನ್ ಎಂಬ ವರ್ಣವನ್ನು 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇಕ್ಕಳದ ಹಿಡಿತಕ್ಕೆ ಅದು ಒಳ್ಳೆಯ ನಿದರ್ಶನ.

ಕೊನೆಗೆ ಬಾಗಿಲು ಮುಚ್ಚುವ ಕೆಲಸ. ಬಣ್ಣವುಂಡ ಲೋಟವನ್ನು ಶುದ್ಧವಾದ ಕುದಿನೀರಿನಲ್ಲಿಡುತ್ತಾರೆ. ಆಕ್ಸೈಡು ನೀರನ್ನು ಹೀರಿ, ನೆನೆದ ಕಾಳಿನಂತೆ ಉಬ್ಬಿ, ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ. ಮುಂದೆ ನೀರಾಗಲಿ ಸೋಪಾಗಲಿ ಒಳಗಿನ ಬಣ್ಣವನ್ನು ಸುಲಭವಾಗಿ ಮುಟ್ಟಲಾರವು.

ಇಷ್ಟು ಭದ್ರವಾದ ಕೋಟೆಗೂ ಒಂದು ದೌರ್ಬಲ್ಯವುಂಟು. ಈ ಆಕ್ಸೈಡು ಪ್ರಬಲವಾದ ಆಮ್ಲದಲ್ಲಿಯೂ ಕರಗುತ್ತದೆ, ಕ್ಷಾರದಲ್ಲಿಯೂ ಕರಗುತ್ತದೆ. ವಾಷಿಂಗ್ ಸೋಡ ಕ್ಷಾರ. ಗೋಡೆ ಕರಗಿದ ಮೇಲೆ ವರ್ಣಾಣುವಿಗೆ ಹಿಡಿಯಲು ಏನು ಉಳಿದೀತು?

ಆದುದರಿಂದ ಬಣ್ಣದ ಅಲ್ಯೂಮಿನಿಯಂ ಪಾತ್ರೆಗಳಿರುವ ಗೃಹಿಣಿಯರು ಅವನ್ನು ಸೌಮ್ಯವಾದ ಸೋಪಿನಿಂದ, ಮೆತ್ತನೆಯ ಬಟ್ಟೆಯಿಂದ ತೊಳೆಯುವುದು ಕ್ಷೇಮ. ಸೋಡ ಬೇಡ, ಹುಣಿಸೆಯ ಹುಳಿಯಲ್ಲಿ ನೆನೆಯಿಡುವುದೂ ಬೇಡ, ತಂತಿಯ ಉಜ್ಜಂತೂ ಬೇಡವೇ ಬೇಡ. ಉಳಿದ ಐದು ಲೋಟಗಳನ್ನು ಈಗ ನಾನೇ ಹೀಗೆ ತೊಳೆಯುತ್ತಿದ್ದೇನೆ. ಬಣ್ಣಗೆಟ್ಟ ಆರನೆಯದನ್ನು ಎಸೆಯಲು ತಾಯಿ ಒಪ್ಪಲಿಲ್ಲ. ಅವರು ನೀರು ಕುಡಿಯುವುದು ಈಗಲೂ ಅದರಲ್ಲಿಯೇ.